ಮೊಳೆಗಿಂತ ಮೊದಲು ಠರಾವು: ಸಾರ್ವಜನಿಕ ಕಲಾ ಗ್ಯಾಲರಿ ನಡೆಸುವ ನನ್ನ ಅನುಭವ

ಗದಗಿನಂಥ ಊರಿನಲ್ಲಿ ಕಲಾ ಗ್ಯಾಲರಿ ಎಂದರೆ ಜನ ಮೊದಲು ಕೇಳುವುದು ಜಾಗ ಎಲ್ಲಿದೆ, ಚಿತ್ರ ಎಷ್ಟಿವೆ ಎಂದು. ಕಾರ್ಯದರ್ಶಿಯಾಗಿ ಫೈಲು ಹಿಡಿದವರಿಗೆ ಅದಕ್ಕಿಂತ ಮೊದಲೇ ಏಳಬೇಕಾದ ಪ್ರಶ್ನೆ ಬೇರೆ: ಈ ಚಿತ್ರ ಯಾರದು? ಇದನ್ನು ತೆಗೆದುಕೊಳ್ಳುವ, ಹೊರಗೆ ಕೊಡುವ, ಮಾರುವ ಅಧಿಕಾರ ಯಾರಿಗಿದೆ? ಇದಕ್ಕೆ ಕಾಗದದ ಮೇಲೆ ಉತ್ತರವಿಲ್ಲದ ಗ್ಯಾಲರಿ ಕಟ್ಟಿದವರು ಇರುವ ತನಕ ಚೆನ್ನಾಗಿಯೇ ನಡೆಯುತ್ತದೆ. ಅವರ ಕಾಲ ಮುಗಿದ ಮೇಲೆ ಚಿತ್ರಗಳು ಒಂದೊಂದಾಗಿ ಕರಗುತ್ತವೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಕಲಾಶಾಲೆಗಳಿಂದಾಗಿ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಒಳ್ಳೆಯ ಚಿತ್ರಗಳಿವೆ. ಅವು ಸಾರ್ವಜನಿಕ ಸಂಗ್ರಹಕ್ಕೆ ಬಂದು ಅಲ್ಲೇ ಉಳಿಯಬೇಕಾದರೆ ಕಾಯ್ದೆಯ ಕೆಲಸವನ್ನು ಬಣ್ಣದ ಕೆಲಸದಷ್ಟೇ ಶ್ರದ್ಧೆಯಿಂದ ಮಾಡಬೇಕು.

ನಮ್ಮಲ್ಲಿ ಎಲ್ಲ ಗ್ಯಾಲರಿಗಳಿಗೂ ಅನ್ವಯಿಸುವ ಒಂದೇ ಕಾಯ್ದೆ ಇಲ್ಲ. ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ಗೆ 1903ರ ಕಾಯ್ದೆ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ 1961ರ ಕಾಯ್ದೆ ಅಂತ ಕೆಲವಕ್ಕೆ ಸ್ವಂತ ಕಾಯ್ದೆ ಇದೆ; ಮಂಡಳಿಯಲ್ಲಿ ಯಾರಿರಬೇಕು ಎಂಬುದನ್ನು ಶಾಸನವೇ ಹೇಳುತ್ತದೆ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಕೇಂದ್ರ ಸಂಸ್ಕೃತಿ ಸಚಿವಾಲಯದ ಕೈಕೆಳಗಿನ ಕಚೇರಿ. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿ ರಾಜ್ಯ ಸರ್ಕಾರದ ಇಲಾಖೆಯದು. ಇಲಾಖೆಯ ಕೈಯಲ್ಲಿರುವ ಗ್ಯಾಲರಿಯ ಹಣೆಬರಹ ಒಂದು ಒಪ್ಪಂದದಿಂದ ಬದಲಾಗಬಹುದು ಎಂಬುದಕ್ಕೆ ಅದೇ ಸಾಕ್ಷಿ: ಅದನ್ನು ಖಾಸಗಿ ಪ್ರತಿಷ್ಠಾನದ ಸಹಭಾಗಿತ್ವಕ್ಕೆ ಕೊಡುವ ನಿರ್ಧಾರದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿಯಬೇಕಾಯಿತು. ಊರಿನವರೇ ಸೇರಿ ಕಟ್ಟುವ ಗ್ಯಾಲರಿಗೆ ಸಾಮಾನ್ಯವಾಗಿ ಉಳಿಯುವ ದಾರಿ ಎರಡು, ಸಂಘ ಅಥವಾ ಟ್ರಸ್ಟ್.

ನಾನು ಸಂಘದ ಪರ. ಟ್ರಸ್ಟ್ ಡೀಡನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಆಮೇಲೆ ವರ್ಷವರ್ಷ ಲೆಕ್ಕ ಕೇಳುವ ಅಧಿಕಾರಿ ಇಲ್ಲ. ಟ್ರಸ್ಟಿಗಳು ದಾರಿ ತಪ್ಪಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 92ರಂತೆ, ಆಸಕ್ತಿಯುಳ್ಳ ಕನಿಷ್ಠ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬೇಕು. ಊರಿನ ಚಿತ್ರಪ್ರೇಮಿಗಳು ಅಷ್ಟು ದೂರ ಹೋಗುವುದು ಕಷ್ಟ. ಹಳೆಯ ಟ್ರಸ್ಟ್ ಒಂದರ ಸಂಗ್ರಹ ನಿಮ್ಮ ಕೈಗೆ ಬರುವುದಾದರೆ ಇನ್ನೊಂದು ಮಾತು: ನಮ್ಮದು ಮುಂಬಯಿ ಪ್ರಾಂತ್ಯದ ಭಾಗವಾಗಿದ್ದರಿಂದ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಇಲ್ಲಿ ನಡೆಯುತ್ತಿತ್ತು. ಹಳೆಯ ಕಾಗದಗಳಲ್ಲಿ ಚಾರಿಟಿ ಕಮಿಷನರ್ ಕಚೇರಿಯ ನೋಂದಣಿ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾಖಲೆಯನ್ನು ಧಾರವಾಡದಲ್ಲಿ ಹುಡುಕಬೇಕು. ಇಲ್ಲಿನ ಕಚೇರಿಯಲ್ಲಿ ಸಿಗಲಿಲ್ಲವೆಂದು ಕೈಬಿಡಬಾರದು.

ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ ಏಳು ಜನ ಬೇಕು. ಜಿಲ್ಲೆಯಲ್ಲಿ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯೇ ಈ ಕೆಲಸ ನೋಡುತ್ತದೆ. ಸ್ಥಾಪನಾ ಸಭೆಯ ಠರಾವು, ಉದ್ದೇಶಗಳ ಜ್ಞಾಪನ ಪತ್ರ, ಬೈಲಾ (ಸಂಘದ ಒಳನಿಯಮಗಳು), ಸದಸ್ಯರ ಗುರುತು ಮತ್ತು ವಿಳಾಸದ ಪುರಾವೆ, ಕಚೇರಿ ಇರುವ ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಜೋಡಿಸಬೇಕು. ಹೆಸರಿನಲ್ಲಿ "ಸರ್ಕಾರಿ", "ರಾಷ್ಟ್ರೀಯ" ಎಂಬಂಥ ಪದ ಇಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹೆಚ್ಚಿನವರು ಎಡವುವುದು ಬೈಲಾದಲ್ಲಿ. ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆ ಯುವಕ ಮಂಡಳಕ್ಕೆ ಸಾಕು, ಗ್ಯಾಲರಿಗೆ ಸಾಲದು. ಅದರಲ್ಲಿ ಸಂಗ್ರಹದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಾವು ಬರೆಸಿಕೊಂಡ ಕಲಮುಗಳ ಸಾರ ಇದು. ಸಂಗ್ರಹ ನೋಂದಣಿ ಪುಸ್ತಕದಲ್ಲಿ ಏರಿದ ಕೃತಿ ಸಂಘದ ಶಾಶ್ವತ ಆಸ್ತಿ. ಅದನ್ನು ಅಡವಿಡುವಂತಿಲ್ಲ, ಸಾಲಕ್ಕೆ ಜಾಮೀನಾಗಿ ತೋರಿಸುವಂತಿಲ್ಲ. ಯಾವುದೇ ಕೃತಿಯನ್ನು ಸಂಗ್ರಹದಿಂದ ತೆಗೆಯಬೇಕಾದರೆ ಮೊದಲು ಆಯ್ಕೆ ಉಪಸಮಿತಿಯ ಲಿಖಿತ ಕಾರಣ, ಆಮೇಲೆ ಕಾರ್ಯಕಾರಿ ಮಂಡಳಿಯ ಠರಾವು, ಕೊನೆಗೆ ಸರ್ವಸಾಧಾರಣ ಸಭೆಯಲ್ಲಿ ಹಾಜರಿದ್ದವರ ನಾಲ್ಕರಲ್ಲಿ ಮೂರು ಪಾಲು ಮತ. ಮೊದಲು ಇನ್ನೊಂದು ಸಾರ್ವಜನಿಕ ಸಂಸ್ಥೆಗೆ ಕೊಡಲು ನೋಡಬೇಕು, ಮಾರಾಟ ಕಡೆಯ ದಾರಿ. ಮಾರಿದ ಹಣದಿಂದ ಬೇರೆ ಕೃತಿ ಕೊಳ್ಳಬಹುದು ಅಥವಾ ಇದ್ದ ಕೃತಿಗಳ ಸಂರಕ್ಷಣೆ ಮಾಡಿಸಬಹುದು. ಲೈಟ್ ಬಿಲ್ಲಿಗೆ, ಸಿಬ್ಬಂದಿ ಪಗಾರಿಗೆ ಮುಟ್ಟುವಂತಿಲ್ಲ. ಸಂಘ ಮುಚ್ಚಿಹೋದರೆ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಆದರೆ ಸಂಗ್ರಹ ಎಂಥ ಸಂಸ್ಥೆಗೆ ಹೋಗಬೇಕು ಎಂಬುದನ್ನು ನೀವೇ ಬರೆಯಬೇಕು. ನಾವು "ಇದೇ ಜಿಲ್ಲೆಯಲ್ಲಿ ಜನರಿಗೆ ತೆರೆದಿರುವ ಸಂಗ್ರಹಾಲಯ" ಎಂದು ಬರೆದೆವು.

ಇನ್ನೊಂದು ಕಲಮು ಬರೆಯಲು ಮುಜುಗರವಾದರೂ ಬಿಡಬಾರದು. ಇಂಥ ಸಂಘಗಳ ಮಂಡಳಿಯಲ್ಲಿ ಅರ್ಧ ಜನ ಕಲಾವಿದರೇ ಇರುತ್ತಾರೆ. ಅಧಿಕಾರದಲ್ಲಿರುವಾಗ ಮತ್ತು ಇಳಿದ ಒಂದು ವರ್ಷದ ತನಕ ಅವರ ಕೃತಿಯನ್ನಾಗಲಿ ಅವರ ಮನೆಯವರ ಕೃತಿಯನ್ನಾಗಲಿ ಸಂಘ ಕೊಳ್ಳಬಾರದು. ಪ್ರದರ್ಶನಕ್ಕೆ ಅವರ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋಗಬೇಕು, ಹೋದದ್ದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ಇದು ನೀತಿಯ ಮಾತಷ್ಟೇ ಅಲ್ಲ. ಪದಾಧಿಕಾರಿಗಳಿಗೆ, ಅವರ ಸಂಬಂಧಿಕರಿಗೆ ಸಂಸ್ಥೆಯಿಂದ ಅನುಚಿತ ಲಾಭವಾದರೆ ಆದಾಯ ತೆರಿಗೆ ವಿನಾಯಿತಿಗೇ ಏಟು ಬೀಳುತ್ತದೆ.

ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ, ಸಭೆಯಾದ 14 ದಿನದೊಳಗೆ ಕಾರ್ಯಕಾರಿ ಮಂಡಳಿಯ ಪಟ್ಟಿಯನ್ನು ನಿಬಂಧಕರಿಗೆ ಸಲ್ಲಿಸುವುದು, ಜೊತೆಗೆ ಆಡಿಟ್ ಆದ ಲೆಕ್ಕಪತ್ರ. ಇಷ್ಟು ಸಣ್ಣ ಕೆಲಸ ತಪ್ಪಿ ಹಾಳಾದ ಸಂಘಗಳು ಬಹಳ. ಮೂರ್ನಾಲ್ಕು ವರ್ಷ ಪಟ್ಟಿ ಹೋಗುವುದಿಲ್ಲ. ಅಷ್ಟರಲ್ಲಿ ಮನಸ್ತಾಪ ಬಂದು ಎರಡು ಗುಂಪು ಎರಡು ಪಟ್ಟಿ ಕೊಡುತ್ತವೆ. ಆಗ ಬ್ಯಾಂಕಿನವರು ಸಹಿ ಬದಲಾಯಿಸಲು ಒಪ್ಪುವುದಿಲ್ಲ, ಖಾತೆ ನಿಂತುಬಿಡುತ್ತದೆ. ಸಂಘಗಳ ನೋಂದಣಿ ಕಾಯ್ದೆಯ ಕಲಂ 25ರ ಅಡಿ ನಿಬಂಧಕರು ತಾವಾಗಿಯೇ ವಿಚಾರಣೆ ನಡೆಸಬಹುದು, ಸದಸ್ಯರಲ್ಲಿ ಮೂರನೇ ಒಂದು ಭಾಗ ಅರ್ಜಿ ಕೊಟ್ಟರೆ ನಡೆಸಲೇಬೇಕು. ಕೈಮೀರಿದರೆ ಕಲಂ 27-ಎ ಅಡಿ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಗ್ಯಾಲರಿಯ ಬೀಗದ ಕೈ ಅವರ ಬಳಿ ಇರುವ ಆ ತಿಂಗಳುಗಳಲ್ಲಿ ಮಳೆ ನೀರು ಸೋರಿ ಚಿತ್ರದ ಮೇಲೆ ಇಳಿದರೆ ಕೇಳುವವರಿಲ್ಲ. ಸಭೆಯ ದಿನವೇ ಪಟ್ಟಿಗೆ ಸಹಿ ಹಾಕಿಸಿ, ಮರುವಾರ ಸಲ್ಲಿಸಿ, ಸ್ವೀಕೃತಿ ಶಿಕ್ಕೆ ಇರುವ ಪ್ರತಿಯನ್ನು ಫೈಲಿಗೆ ಹಾಕಿ.

ಈಗ ಚಿತ್ರದ ಕಾಗದಕ್ಕೆ ಬರುತ್ತೇನೆ. ಕೃತಿ ಬರುವುದು ದಾನವಾಗಿ, ಖರೀದಿಯಾಗಿ ಅಥವಾ ಎರವಲಾಗಿ. ಚಲ ಆಸ್ತಿಯ ದಾನಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ವಸ್ತುವನ್ನು ಕೈಗೆ ಒಪ್ಪಿಸಿದರೂ ಸಾಕು, ನೋಂದಣಿ ಕಡ್ಡಾಯವಲ್ಲ. ಅದೇ ತೊಡಕಿನ ಮೂಲ. ಇಪ್ಪತ್ತು ವರ್ಷದ ಮೇಲೆ ಮಗ ಬಂದು "ನಮ್ಮ ಅಪ್ಪಾರು ಇಡಾಕ ಕೊಟ್ಟದ್ರಿ, ದಾನ ಅಲ್ಲ" ಅಂದರೆ ಉತ್ತರ ಕೊಡಲು ಏನಿದೆ? ಅದಕ್ಕೇ ಬಾಂಡ್ ಪೇಪರಿನ ಮೇಲೆ ದಾನಪತ್ರ, ಕೃತಿಯ ಫೋಟೋ ಅಂಟಿಸಿ ಅದರ ಮೇಲೆ ದಾನಿಯ ಸಹಿ, ಇಬ್ಬರು ಸಾಕ್ಷಿ, ಸಾಧ್ಯವಾದರೆ ಒಬ್ಬ ಸಾಕ್ಷಿ ದಾನಿಯ ಮಕ್ಕಳಲ್ಲೇ ಒಬ್ಬರು. "ಸದಾಕಾಲ ಗೋಡೆಯ ಮೇಲೇ ಇರಬೇಕು" ಎಂಬ ಷರತ್ತನ್ನು ಒಪ್ಪಬೇಡಿ, ಪಾಲಿಸಲು ಆಗುವುದಿಲ್ಲ. "ಶಾಶ್ವತ ಎರವಲು" ಎಂಬ ಪದವನ್ನೂ ಬಳಸಬೇಡಿ. ಎರವಲಾದರೆ ತಾರೀಖು ಇರಲಿ. ನಾವು ಮೂರು ವರ್ಷ ಎಂದು ಹಾಕುತ್ತೇವೆ, ಮುಗಿದ ಮೇಲೆ ನವೀಕರಣ. ಎರವಲು ಬಂದ ಕೃತಿಯನ್ನು ನಮ್ಮ ಸ್ವಂತ ವಸ್ತುವಿನಷ್ಟೇ ಜೋಪಾನವಾಗಿ ನೋಡಿಕೊಳ್ಳುವ ಹೊಣೆಯನ್ನು 1872ರ ಕರಾರು ಕಾಯ್ದೆಯ ಕಲಂ 151 ಹೊರಿಸುತ್ತದೆ. ಬರುವಾಗಲೇ ಇದ್ದ ಬಿರುಕು, ಕಲೆ, ಗೆದ್ದಲಿನ ತೂತು ಎಲ್ಲವನ್ನೂ ಫೋಟೋ ಸಹಿತ ಬರೆದು ಇಬ್ಬರೂ ಸಹಿ ಮಾಡದಿದ್ದರೆ, ವಾಪಸು ಕೊಡುವಾಗ ಆ ಬಿರುಕು ನಿಮ್ಮದಾಗುತ್ತದೆ. ನೀರುಬಣ್ಣ ಮತ್ತು ಕಾಗದದ ಕೃತಿಗೆ ಬೆಳಕು 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ), ತೈಲಚಿತ್ರಕ್ಕೆ 200 ಲಕ್ಸ್ ಮೀರದಂತೆ ಅಳತೆ ಮಾಡಿ ಬರೆದಿಟ್ಟರೆ ಜೋಪಾನ ಮಾಡಿದ್ದಕ್ಕೆ ಪುರಾವೆಯೂ ಆಗುತ್ತದೆ.

ನೋಂದಣಿ ಪುಸ್ತಕ ಕಂಪ್ಯೂಟರಿನಲ್ಲಿ ಇದ್ದರೂ, ಪುಟ ಸಂಖ್ಯೆ ಮುದ್ರಿಸಿದ ಗಟ್ಟಿ ರಟ್ಟಿನ ಪುಸ್ತಕ ಬೇಕೇ ಬೇಕು. ಸಂಖ್ಯೆ 2024.17 ಎಂಬ ರೀತಿ: ವರ್ಷ, ಆ ವರ್ಷದ ಕ್ರಮ. ಬಂದ ದಿನ, ಯಾರಿಂದ, ಯಾವ ಬಗೆಯಲ್ಲಿ, ಕಲಾವಿದ, ಮಾಧ್ಯಮ, ಸೆಂಟಿಮೀಟರಿನಲ್ಲಿ ಅಳತೆ (ಎತ್ತರ ಮೊದಲು), ಸ್ಥಿತಿ, ಠರಾವು ಸಂಖ್ಯೆ, ಇಟ್ಟ ಜಾಗ, ಸಹಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ, ವೈಟ್ನರ್ ಬೇಡ. ಸಂಖ್ಯೆಯನ್ನು ಕ್ಯಾನ್ವಾಸಿನ ಬೆನ್ನಿಗೆ ಬರೆಯಬಾರದು, ಹಿಂದಿನ ಮರದ ಪಟ್ಟಿಯ ಮೇಲೆ ಬರೆಯಬೇಕು. ಕಾಗದದ ಕೃತಿಗೆ ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್. ಬಾಲ್‌ಪೆನ್ನಿನ ಶಾಯಿ ಕೆಲ ವರ್ಷದಲ್ಲಿ ಮುಂದಕ್ಕೆ ಇಳಿಯುತ್ತದೆ, ಸೆಲ್ಲೋಟೇಪು ಕಂದು ಕಲೆ ಬಿಡುತ್ತದೆ.

ಕ್ಯಾನ್ವಾಸ್ ನಮ್ಮದಾದರೆ ಹಕ್ಕೂ ನಮ್ಮದು ಎಂಬ ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರ ಕೊಂಡವನಿಗೆ ಚಿತ್ರ ಮಾತ್ರ ಸಿಗುತ್ತದೆ. ಕ್ಯಾಲೆಂಡರು, ಕ್ಯಾಟಲಾಗು, ಪೋಸ್ಟರು ಮಾಡುವ ಹಕ್ಕು ಕಲಾವಿದರ ಬಳಿ, ಅವರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರ ಬಳಿ ಇರುತ್ತದೆ. ದಾನಪತ್ರದಲ್ಲೇ ಕಲಾವಿದರಿಂದ ಯಾವ ಯಾವ ಬಳಕೆಗೆ, ಎಷ್ಟು ವರ್ಷಕ್ಕೆ ಒಪ್ಪಿಗೆ ಎಂದು ಬರೆಸಿ. ಹಕ್ಕನ್ನೇ ವರ್ಗ ಮಾಡಿಸಿಕೊಂಡು ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಕಾಯ್ದೆ ತಿಳಿಯುತ್ತದೆ. ಮಾರಿದ ಮೇಲೂ ಕೃತಿ ಕೆಡದಂತೆ ಕೇಳುವ ಹಕ್ಕು ಕಲಂ 57ರಲ್ಲಿ ಕಲಾವಿದರಿಗಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಉಗ್ರಾಣಕ್ಕೆ ಹಾಕಿದ್ದಕ್ಕೆ ದೆಹಲಿ ಹೈಕೋರ್ಟು 2005ರಲ್ಲಿ ಅದನ್ನು ಅವರಿಗೇ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹೀಗಾಗಿ ಭಿತ್ತಿಚಿತ್ರ ಇರುವ ಗೋಡೆಗೆ ಸುಣ್ಣ ಹಚ್ಚುವ ಮೊದಲು ಕಲಾವಿದರಿಗೆ ಪತ್ರ ಬರೆಯಿರಿ. ಆದರೆ ಅದೇ ಕಲಮು ಇನ್ನೊಂದನ್ನೂ ಹೇಳುತ್ತದೆ: ಕೃತಿಯನ್ನು ಪ್ರದರ್ಶಿಸದೆ ಇರುವುದು ಹಕ್ಕಿನ ಉಲ್ಲಂಘನೆಯಲ್ಲ. "ನನ್ನ ಚಿತ್ರ ಯಾಕೆ ತೂಗುಹಾಕಿಲ್ಲ" ಎಂದು ಕೇಳುವವರಿಗೆ ಗೌರವದಿಂದಲೇ ಇದನ್ನು ತೋರಿಸಬಹುದು.

ಲಕ್ಕುಂಡಿ ಹತ್ತಿರವಿರುವ ನಮ್ಮ ಭಾಗದಲ್ಲಿ ಹೊಲದಲ್ಲಿ ಸಿಕ್ಕ ಮೂರ್ತಿ, ವೀರಗಲ್ಲು ತಂದು "ನಿಮ್ಮಲ್ಲೇ ಇರಲಿ" ಎನ್ನುವವರುಂಟು. ತೆಗೆದುಕೊಳ್ಳಬೇಡಿ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 100 ವರ್ಷ ದಾಟಿದ ಶಿಲ್ಪ, ಚಿತ್ರ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಗೆ ಒಳಪಡುತ್ತವೆ. ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ರೋರಿಕ್ ಸೇರಿ ಒಂಬತ್ತು ಕಲಾವಿದರ ಕೃತಿಗಳು ಕಲಾನಿಧಿ ಎನಿಸಿಕೊಂಡಿವೆ, ಅವಕ್ಕೂ ಇದೇ ಕಟ್ಟು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಕೃತಿಸ್ವಾಮ್ಯ ಎಂದೋ ಮುಗಿದಿದೆ. ಆದರೂ ಮೂಲಚಿತ್ರ ದೇಶ ಬಿಡುವಂತಿಲ್ಲ.

ಹಣದ ಮಾತು ಚಿಕ್ಕದಾಗಿ ಹೇಳುತ್ತೇನೆ, ಉಳಿದದ್ದಕ್ಕೆ ಒಳ್ಳೆಯ ಲೆಕ್ಕಪರಿಶೋಧಕರು ಬೇಕು. ದಾನಿಗೆ ಸಿಗುವ, ಜನ 80ಜಿ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿ ಹಣದ ದಾನಕ್ಕೆ ಮಾತ್ರ. ಚಿತ್ರ ಕೊಟ್ಟವರಿಗೆ ಆ ಆಸೆ ಹುಟ್ಟಿಸಬೇಡಿ. ನಗದಿನಲ್ಲಿ 2,000 ರೂಪಾಯಿ ದಾಟಿದರೂ ಅದು ಸಿಗುವುದಿಲ್ಲ. ಸಭಾಂಗಣದ ಬಾಡಿಗೆ, ಮಾರಾಟದ ಕಮಿಷನ್ ವ್ಯಾಪಾರದ ಆದಾಯವೆನಿಸಿ ಒಟ್ಟು ಆದಾಯದ ಶೇ. 20 ಮೀರಿದರೆ ಧರ್ಮಾರ್ಥ ಸ್ಥಾನಕ್ಕೇ ತೊಂದರೆ. ಮಾರಾಟಕ್ಕೆ ಬಂದ ಚಿತ್ರಗಳಿಗೆ ಬೇರೆಯೇ ಪುಸ್ತಕ ಇಡಿ, ಸಂಗ್ರಹದ ಪುಸ್ತಕಕ್ಕೆ ಅವು ಸುಳಿಯಬಾರದು.

ಕಟ್ಟಡ ಮಹಾನಗರ ಪಾಲಿಕೆಯದೋ ನಗರಸಭೆಯದೋ ಆಗಿದ್ದರೆ ಸಿ.ಟಿ.ಎಸ್. ಉತಾರ (ನಗರ ಸರ್ವೆಯ ಆಸ್ತಿ ದಾಖಲೆ) ತೆಗೆಸಿ ಯಾರ ಹೆಸರಿನಲ್ಲಿದೆ ನೋಡಿ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸು ನೋಂದಣಿ ಆಗಲೇಬೇಕು; ಅಧ್ಯಕ್ಷರ ಬಾಯಿಮಾತು ಮುಂದಿನ ಚುನಾವಣೆಯ ತನಕ. ಛಾವಣಿ ಸೋರಿದರೆ ರಿಪೇರಿ ಯಾರದು, ಲೀಸು ಮುಗಿದರೆ ಸಂಗ್ರಹ ಸಾಗಿಸಲು ಎಷ್ಟು ದಿನ ಎಂಬುದು ಕರಾರಿನಲ್ಲಿರಲಿ. ನಾವು 180 ದಿನ ಕೇಳಿದೆವು. ಬಾಗಿಲಿಗೆ 1:12 (12 ಅಡಿ ಉದ್ದಕ್ಕೆ 1 ಅಡಿ ಏರುವ) ಇಳಿಜಾರಿನ ರ‍್ಯಾಂಪ್ ಹಾಕಿಸಿ. ಸರ್ಕಾರದ ಹಣದಿಂದಲೇ ಬಹುಪಾಲು ನಡೆಯುವ ಸಂಘಕ್ಕೆ ಮಾಹಿತಿ ಹಕ್ಕು ಕಾಯ್ದೆಯೂ ಅನ್ವಯಿಸುತ್ತದೆ, 30 ದಿನದಲ್ಲಿ ಉತ್ತರ ಕೊಡಬೇಕು. ಹೇಗೂ ಕೊಡಬೇಕಾದ ಲೆಕ್ಕವನ್ನು ಮೊದಲೇ ಫಲಕಕ್ಕೆ ಹಾಕಿದರೆ ಅರ್ಜಿಗಳೇ ಕಡಿಮೆಯಾಗುತ್ತವೆ.

ಮಾರ್ಚ್ ಕೊನೆಯ ವಾರ ಎಣಿಕೆ. ಎಣಿಸುವವರು ಇಬ್ಬರು, ಅದರಲ್ಲಿ ಒಬ್ಬರು ಮಂಡಳಿಯ ಹೊರಗಿನವರು. ಮೊದಲು ಪುಸ್ತಕದಿಂದ ಗೋಡೆಗೆ, ಆಮೇಲೆ ಗೋಡೆಯಿಂದ ಪುಸ್ತಕಕ್ಕೆ. ಎರಡನೆಯ ಸುತ್ತಿನಲ್ಲೇ ಸಂಖ್ಯೆ ಇಲ್ಲದ ಚಿತ್ರಗಳು ಸಿಗುವುದು. ಅವಕ್ಕೆ ತಾತ್ಕಾಲಿಕ ಸಂಖ್ಯೆ ಕೊಟ್ಟು, ಮೂಲ ತಿಳಿಯುವ ತನಕ ಸಂಘದ್ದೆಂದು ಬರೆಯುವುದಿಲ್ಲ. ಎಣಿಕೆ ಪಟ್ಟಿಯ ಒಂದು ಪ್ರತಿ ಸರ್ವಸಾಧಾರಣ ಸಭೆಗೆ, ಒಂದು ಆಡಿಟರಿಗೆ, ಒಂದು ಬ್ಯಾಂಕ್ ಲಾಕರಿಗೆ. ಪದಾಧಿಕಾರಿಗಳ ಮನೆಗೆ ಒಂದೂ ಹೋಗುವುದಿಲ್ಲ.