ಬಿಸಿಯಾದಾಗ ಮಾತ್ರ ನಡುಗುತ್ತಿದ್ದ ಗಾಡಿ

ನಮ್ಮ ಮನೆ ಮಂಡ್ಯದಲ್ಲಿ, ನನ್ನ ಕೆಲಸ ಮೈಸೂರಿನಲ್ಲಿ. ದಿನಾ ಹೋಗಿ ಬರಲು 90 ಕಿಲೋಮೀಟರ್. ಕ್ಲಚ್ ತುಳಿದು ತುಳಿದು ಮೊಣಕಾಲು ನೋಯುತ್ತಿತ್ತು ಅಂತಲೇ 13 ಲಕ್ಷ ಕೊಟ್ಟು ಆಟೊಮ್ಯಾಟಿಕ್ ಕಾರು ತೆಗೆದುಕೊಂಡೆ. ಏಳು ಗೇರಿನ ಡ್ಯುಯಲ್ ಕ್ಲಚ್ ಗಾಡಿ. ಎರಡು ವರ್ಷ ಯಾವ ತಕರಾರೂ ಇಲ್ಲದೆ ಓಡಿತು.

ಮೂರನೇ ವರ್ಷ ನಡುಕ ಶುರುವಾಯಿತು. ಸಂಜೆ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ, ಒಂದನೇ ಗೇರಿನಿಂದ ಎರಡಕ್ಕೆ ಬೀಳುವ ಹೊತ್ತಿಗೆ ಇಡೀ ಗಾಡಿ ಗಡಗಡ ಅಲ್ಲಾಡುತ್ತಿತ್ತು. ಒಂದು ದಿನ ಸಿಗ್ನಲ್ ಬಿಟ್ಟರೂ ಮುಂದಕ್ಕೆ ಎಳೆಯಲೇ ಇಲ್ಲ. ಹಿಂದೆ ಸಿಟಿ ಬಸ್ಸಿನ ಹಾರ್ನ್, ಪಕ್ಕದಲ್ಲಿ ನನ್ನ ಮಗಳು. ಆ ಎರಡು ಮೂರು ಸೆಕೆಂಡಿನ ಭಯ ಇನ್ನೂ ಹೋಗಿಲ್ಲ.

ಮೈಸೂರಿನ ಡೀಲರ್ ಹತ್ತಿರ ಹೋದೆ. ಸರ್ವಿಸ್ ಅಡ್ವೈಸರ್ ಒಂದು ಸುತ್ತು ಓಡಿಸಿ ಬಂದು, "ಗಾಡಿ ಚೆನ್ನಾಗೇ ಇದೆ ಮೇಡಂ, ಈ ಮಾಡೆಲ್ ಇರೋದೇ ಹೀಗೆ" ಅಂದರು. ಎರಡನೇ ಸಲ ಹೋದಾಗ, "ನೀವು ಬ್ರೇಕ್ ಅರ್ಧ ಒತ್ಕೊಂಡು ಓಡಿಸ್ತೀರೇನೋ, ಮುಂದಿನ ಸಲ ಸಾರ್‌ನ ಕರ್ಕೊಂಡು ಬನ್ನಿ" ಅಂದರು. ನಮ್ಮ ಯಜಮಾನರಿಗೆ ಡ್ರೈವಿಂಗ್ ಬರುವುದಿಲ್ಲ. 16 ವರ್ಷದಿಂದ ಓಡಿಸುತ್ತಿರುವವಳು ನಾನು. ತುಂಬಾ ನೋವಾಯಿತು.

ಅವತ್ತು ರಾತ್ರಿ ಎರಡೂ ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ನಮ್ಮ ದೂರನ್ನು ಬರೆದುಕೊಳ್ಳುವ ಚೀಟಿ, ತೆಗೆದು ಓದಿದೆ. "ಜನರಲ್ ಚೆಕಪ್, ಟೆಸ್ಟ್ ಡ್ರೈವ್ ಓಕೆ" ಅಂತ ಮಾತ್ರ ಇತ್ತು. ನಡುಕದ ಮಾತೇ ಇಲ್ಲ. ಕಾಗದದ ಪ್ರಕಾರ ನಾನು ದೂರೇ ಕೊಟ್ಟಿಲ್ಲ. ವಾರಂಟಿ ಮುಗಿಯಲು ಎರಡೂವರೆ ತಿಂಗಳಿತ್ತು.

ಮಂಡ್ಯದಲ್ಲಿ ನಮ್ಮ ಹಳೇ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದಾರೆ. ಈ ಗಾಡಿ ಅವರು ಬಿಚ್ಚುವುದಿಲ್ಲ, ಆದರೆ ಕೂರಿಸಿಕೊಂಡು ಅರ್ಥ ಮಾಡಿಸಿದರು. ಇದರಲ್ಲಿ ಎರಡು ಕ್ಲಚ್. 1, 3, 5, 7ಕ್ಕೆ ಒಂದು, 2, 4, 6ಕ್ಕೆ ಇನ್ನೊಂದು. ನನ್ನ ಗಾಡಿಯದು ಒಣ ಕ್ಲಚ್, ತಣ್ಣಗಿಡಲು ಎಣ್ಣೆ ಇರುವುದಿಲ್ಲ. ಇಂಚಿಂಚು ಸರಿಯುವಾಗ ಪ್ಲೇಟುಗಳು ಅರ್ಧ ಹಿಡಿದು ಅರ್ಧ ಜಾರುತ್ತವೆ, ಕಾದು ಬಿಸಿಯಾಗುತ್ತವೆ. ಕಾದಾಗ ಸರಿಯಾಗಿ ಹಿಡಿಯುವುದಿಲ್ಲ, ಗಾಡಿ ನಡುಗುತ್ತದೆ. ಎಕ್ಸ್‌ಪ್ರೆಸ್‌ವೇನಲ್ಲಿ ಏಳನೇ ಗೇರಿನಲ್ಲಿ ಹೋಗುವಾಗ ಕ್ಲಚ್ ಪೂರ್ತಿ ಹಿಡಿದಿರುತ್ತದೆ, ತಣ್ಣಗಾಗುತ್ತದೆ.

ಆಗ ನನಗೆ ಹೊಳೆಯಿತು. ಎರಡು ಸಲವೂ ನಾನು ಬೆಳಿಗ್ಗೆ ಮಂಡ್ಯದಿಂದ ನೇರ ಎಕ್ಸ್‌ಪ್ರೆಸ್‌ವೇನಲ್ಲಿ ಹೋಗಿ ಗಾಡಿ ಬಿಟ್ಟಿದ್ದೆ. ತಣ್ಣಗಿರುವ ಗಾಡಿ ಅವರಿಗೆ ಯಾಕೆ ನಡುಗಿ ತೋರಿಸುತ್ತದೆ?

ಮೂರನೇ ಸಲ ಸಂಜೆ ಐದೂವರೆಗೆ ಹೋದೆ. ಮೊದಲು ಜಾಬ್ ಕಾರ್ಡ್. ನಾನು ಹೇಳಿದ್ದನ್ನೇ ಬರೆಯಬೇಕು ಅಂತ ಪಟ್ಟು ಹಿಡಿದೆ: "40 ನಿಮಿಷ ಟ್ರಾಫಿಕ್‌ನಲ್ಲಿ ಓಡಿಸಿದ ಮೇಲೆ 1ರಿಂದ 2ಕ್ಕೆ ಹೋಗುವಾಗ ನಡುಕ, ಒಮ್ಮೆ ಗಾಡಿ ಎಳೆಯಲಿಲ್ಲ." ಅದನ್ನು ಬರೆಯುವ ತನಕ ಕೀ ಕೊಡಲಿಲ್ಲ. ಆಮೇಲೆ ಟೆಕ್ನಿಷಿಯನ್ ಬೇಕು, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಕೊಂಡೇ ಬರಬೇಕು ಅಂದೆ. ಬಂದ ಹುಡುಗ ಒಳ್ಳೆಯವನು. ಸ್ಟೀರಿಂಗ್ ಅವನಿಗೇ ಕೊಟ್ಟೆ, ನಾನು ಪಕ್ಕದಲ್ಲಿ ಕೂತೆ. ಸಯ್ಯಾಜಿರಾವ್ ರಸ್ತೆ, ಕೆ.ಆರ್. ಸರ್ಕಲ್, ದೇವರಾಜ ಅರಸು ರಸ್ತೆ, ಮತ್ತೆ ವಾಪಸ್. ಸ್ಕ್ಯಾನರ್‌ನಲ್ಲಿ ಕ್ಲಚ್‌ನ ಬಿಸಿ ಏರುತ್ತಾ ಹೋಯಿತು. ಮೂರನೇ ಸುತ್ತಿನಲ್ಲಿ ಮಾರ್ಕೆಟ್ ಮುಂದೆ ಗಾಡಿ ಗಡಗಡ ಅಂತು. ಹುಡುಗ ನನ್ನ ಮುಖ ನೋಡಿ, "ಹೌದು ಮೇಡಂ, ಇದೆ" ಅಂದ. ಆ ಒಂದು ಮಾತಿಗೆ ನಾನು ಎರಡು ತಿಂಗಳು ಅಲೆದಿದ್ದೆ. ಅಲ್ಲೇ ಕಣ್ಣು ತುಂಬಿ ಬಂತು.

ಮೊದಲು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಕ್ಲಚ್ ಹಿಡಿಯುವ ಜಾಗವನ್ನು ಗಾಡಿಯ ಕಂಪ್ಯೂಟರಿಗೆ ಮತ್ತೆ ಕಲಿಸಿದರು. 12 ದಿನ ಚೆನ್ನಾಗಿತ್ತು, ಮತ್ತೆ ಅದೇ. ನಾಲ್ಕನೇ ಸಲ ಹೋದಾಗ, ಕ್ಲಚ್ ಸವೆಯುವ ಸಾಮಾನು, ವಾರಂಟಿಗೆ ಬರುವುದಿಲ್ಲ, ಲಕ್ಷದ ಮೇಲಾಗುತ್ತದೆ ಅಂದರು.

ಜಗಳ ಆಡಲಿಲ್ಲ. ಮನೆಗೆ ಬಂದು ಕಂಪನಿಯ ಕಸ್ಟಮರ್ ಕೇರ್‌ಗೆ ಒಂದು ಪುಟದ ಮೇಲ್ ಬರೆದೆ. ನಾಲ್ಕು ಜಾಬ್ ಕಾರ್ಡ್, ತಾರೀಕು, ಮೀಟರ್ ರೀಡಿಂಗ್, ಸ್ಕ್ಯಾನರ್ ಪರದೆಯ ಫೋಟೊ ಜೊತೆಗಿಟ್ಟೆ. ಕೇಳಿದ್ದು ಒಂದೇ: ನಿಮ್ಮ ಟೆಕ್ನಿಷಿಯನ್ನೇ ಒಪ್ಪಿಕೊಂಡ ದೋಷ ಮಾಮೂಲಿ ಸವೆತ ಅನ್ನುವುದಾದರೆ, ಅದನ್ನು ಕಾರಣ ಸಮೇತ ಬರೆದು ಕೊಡಿ. ಕೊನೆಯಲ್ಲಿ, 15 ದಿನದಲ್ಲಿ ಉತ್ತರ ಬರದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತ ಬರೆದೆ. ಇದು ಸುಮ್ನೆ ಹೆದರಿಕೆ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರುವ ಊರಿನಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. 10ರಿಂದ 20 ಲಕ್ಷ ಕೊಟ್ಟು ಕೊಂಡ ವಸ್ತುವಿಗೆ ಶುಲ್ಕ 400 ರೂಪಾಯಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ದಾಖಲಿಸಿದ್ದೆ.

ಒಂಬತ್ತನೇ ದಿನ ಕಂಪನಿಯವರು ಫೋನ್ ಮಾಡಿದರು. ಕ್ಲಚ್ ಸೆಟ್ ವಾರಂಟಿಯಲ್ಲೇ ಬದಲಾಯಿತು. ಬಿಚ್ಚಿದ ಹಳೇ ಕ್ಲಚ್ ತೋರಿಸಿ ಅಂದೆ. ಕಾದು ಕಾದು ಅಲ್ಲಲ್ಲಿ ನೀಲಿ ಬಣ್ಣಕ್ಕೆ ತಿರುಗಿತ್ತು. ಫೋಟೊ ತೆಗೆದುಕೊಂಡೆ. ಹೊಸ ಜಾಬ್ ಕಾರ್ಡ್‌ನಲ್ಲಿ ಏನು ಬದಲಾಯಿಸಿದರು ಅಂತ ಪಾರ್ಟ್ ನಂಬರ್ ಸಮೇತ ಬರೆಸಿಕೊಂಡು, ಅದೇ ಹುಡುಗನನ್ನು ಕೂರಿಸಿಕೊಂಡು ಸಂಜೆ ಆರಕ್ಕೆ ಸಯ್ಯಾಜಿರಾವ್ ರಸ್ತೆಗೆ ಹೋದೆ. ಈ ಸಲ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಮೂರು ಸುತ್ತು ಹಾಕಿದೆವು, ಗಾಡಿ ನಡುಗಲಿಲ್ಲ.