ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಪೇಟೆಂಟ್ ಸಿಗದು: ನಿಮ್ಮ ಕನೆಕ್ಟರ್ ಹೊಸದೇ ಎಂದು ಪರೀಕ್ಷಿಸುವ ಕ್ರಮ

ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಬ್ಯಾಟರಿ ಸರಿಯಿದ್ದರೂ ಕನೆಕ್ಟರ್ ಕೈಕೊಡುವುದುಂಟು. ಮೈಲುತುತ್ತಿನ ಮದ್ದು ಸೋರಿ ಪಿನ್ನಿಗೆ ಕಿಲುಬು ಹಿಡಿಯುತ್ತದೆ. 3 ಆಂಪಿಯರ್ ಹರಿಯುವಲ್ಲಿ 50 ಮಿಲಿಓಮ್ ತಡೆ ಬಂದರೆ 0.45 ವ್ಯಾಟ್ ಆ ಒಂದು ಚುಕ್ಕೆಯಲ್ಲೇ ಬಿಸಿಯಾಗಿ ಹೋಗುತ್ತದೆ. ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಒಬ್ಬರು ಇದಕ್ಕೆ ಸ್ಪ್ರಿಂಗ್ ಒತ್ತುವ ಪಿನ್ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಒತ್ತಿದಾಗ ಪಿನ್ ಸ್ವಲ್ಪ ತಿರುಗಿ ಕಿಲುಬನ್ನು ಕೆರೆಯುತ್ತದೆ. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ? "ಪೇಟೆಯಲ್ಲಿ ಎಲ್ಲೂ ಕಾಣುವುದಿಲ್ಲ, ಹಾಗಾಗಿ ಹೊಸದು" ಎಂದು ನಂಬಿ ಹಣ ಕಟ್ಟುವವರೇ ಹೆಚ್ಚು. ಅಂಗಡಿಗೆ ಬಾರದ, ಅವಧಿ ಮುಗಿದ, ಮಂಜೂರೇ ಆಗದ ಹಳೆಯ ಅರ್ಜಿಗಳೂ ನಿಮ್ಮ ಅರ್ಜಿಗೆ ಅಡ್ಡ ಬರುತ್ತವೆ.

1. ಮೊದಲು ಬಾಯಿ ಮುಚ್ಚಿಕೊಳ್ಳಿ. ಅರ್ಜಿ ಹಾಕುವ ಮೊದಲು ಯೂಟ್ಯೂಬಿಗೆ ವಿಡಿಯೊ ಏರಿಸಿದರೆ ಹೊಸತನ ಅಲ್ಲಿಗೇ ಮುಗಿಯಿತು. ಮೇಳದಲ್ಲಿ ತೋರಿಸಿದರೆ 12 ತಿಂಗಳ ರಿಯಾಯಿತಿ ಇದೆ ಎಂದು ಕೆಲವರು ಹೇಳುತ್ತಾರೆ. ಪೇಟೆಂಟ್ ಕಾಯ್ದೆಯ ಕಲಂ 31ರ ಆ ರಿಯಾಯಿತಿ ಇರುವುದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ, ಊರಿನ ಕೃಷಿ ಮೇಳಕ್ಕಲ್ಲ.

2. ಸಾಧನವನ್ನು ಅಂಶಗಳಾಗಿ ಒಡೆಯಿರಿ. ಚಿತ್ರ ನೋಡಿ ಹೋಲಿಸಬೇಡಿ, ಮಾತಿನಲ್ಲಿ ಬರೆದು ಹೋಲಿಸಿ. ನಮ್ಮ ಉದಾಹರಣೆಯಲ್ಲಿ: (ಅ) ಪ್ಲಾಸ್ಟಿಕ್ ಕವಚ; (ಆ) ಅದರೊಳಗೆ ಜಾರುವ ಹಿತ್ತಾಳೆ ಪಿನ್; (ಇ) ಪಿನ್ನನ್ನು ಹೊರಕ್ಕೆ ತಳ್ಳುವ ಸುರುಳಿ ಸ್ಪ್ರಿಂಗ್; (ಈ) ಪಿನ್ ಒಳಹೋಗುವಾಗ ಅದನ್ನು ತಿರುಗಿಸುವ ಓರೆ ಗ್ರೂವ್; (ಉ) ಕರೆಂಟ್ ಸ್ಪ್ರಿಂಗಿನ ಮೂಲಕ ಹೋಗದಂತೆ ಪಿನ್ನಿಗೇ ಬೆಸೆದ ಹೆಣಿಗೆ ತಾಮ್ರದ ತಂತಿ; (ಊ) ಪಿನ್ ತಿರುಗಿ ಮುಗಿದ ಮೇಲೆ ಅದೇ ಸ್ಪ್ರಿಂಗ್ ಬಲದಿಂದ ಕವಚದ ಬಾಯಿಗೆ ಒತ್ತಿಕೊಳ್ಳುವ ರಬ್ಬರ್ ಬಳೆ. ಪ್ರತಿ ಅಂಶದ ಪಕ್ಕ ಅದು ಏನು ಮಾಡುತ್ತದೆ, ಏಕೆ ಬೇಕು ಎಂದೂ ಬರೆಯಿರಿ. (ಉ) ಏಕೆ ಬೇಕೆಂದರೆ, ಸ್ಪ್ರಿಂಗ್ ತಂತಿ ಸಪೂರ, ತಡೆ ಹೆಚ್ಚು. ಕರೆಂಟ್ ಅದರಲ್ಲೇ ಹರಿದರೆ ಕಾದು ಹದ ಕಳೆದುಕೊಂಡು ಒತ್ತುವ ಬಲ ಇಳಿಯುತ್ತದೆ.

3. ಹುಡುಕಿ. ಗೂಗಲ್ ಪೇಟೆಂಟ್ಸ್, ಎಸ್ಪಾಸ್‌ನೆಟ್, ಭಾರತದ ಇನ್‌ಪಾಸ್ ಮೂರೂ ಪೇಟೆಂಟ್ ದಾಖಲೆ ಹುಡುಕುವ ಉಚಿತ ಜಾಲತಾಣಗಳು. 'ಸ್ಪ್ರಿಂಗ್' ಎಂದಷ್ಟೇ ಹಾಕಿ ನಿಲ್ಲಿಸಬೇಡಿ. ಅರ್ಜಿ ಬರೆಯುವವರು ಅದನ್ನೇ ರೆಸಿಲಿಯೆಂಟ್ ಮೆಂಬರ್, ಬಯಾಸಿಂಗ್ ಎಲಿಮೆಂಟ್ ಎಂದೂ ಬರೆಯುತ್ತಾರೆ. ವರ್ಗಸಂಖ್ಯೆಯಿಂದ (ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ) ಶುರು ಮಾಡುವುದೇ ಸರಿಯಾದ ದಾರಿ: ಒತ್ತಿ ತಾಗುವ ಸಂಪರ್ಕಗಳಿಗೆ ಎಚ್01ಆರ್ 13/24, ಸ್ಪ್ರಿಂಗಿನಿಂದ ತಂತಿ ಹಿಡಿಯುವ ಜೋಡಣೆಗೆ ಎಚ್01ಆರ್ 4/48. ಹತ್ತಿರದ್ದು ಒಂದು ಸಿಕ್ಕಿದರೆ ಅದು ಉಲ್ಲೇಖಿಸಿದ ಹಳೆಯವನ್ನೂ ಅದನ್ನು ಉಲ್ಲೇಖಿಸಿದ ಹೊಸವನ್ನೂ ತೆರೆದು ನೋಡಿ. ಅರ್ಧ ದಿನದಲ್ಲಿ "ಹೊಸತನ ಶೇಕಡಾ ಇಷ್ಟು" ಎಂದು ವರದಿ ಕೊಡುವವರಿಗೆ ದುಡ್ಡು ಕೊಡಬೇಡಿ. ಹೊಸತನಕ್ಕೆ ಶೇಕಡಾವಾರು ಇಲ್ಲ, ಇದೆ ಅಥವಾ ಇಲ್ಲ.

4. ಹೊಸತನ ನೋಡಿ. ಒಂದೇ ದಾಖಲೆಯಲ್ಲಿ (ಅ)ದಿಂದ (ಊ)ವರೆಗೆ ಎಲ್ಲವೂ ಇದ್ದರೆ ಮಾತ್ರ ಹೊಸತನ ಹೋಗುತ್ತದೆ. ಒಂದು ಅಂಶ ಕಡಿಮೆಯಿದ್ದರೂ ಈ ಹಂತ ಪಾಸು. ಆದರೆ ಹಳೆಯ ದಾಖಲೆ ಬಾಯಿಬಿಟ್ಟು ಹೇಳದಿದ್ದರೂ ಅದರ ರಚನೆಯಿಂದ ಆ ಕೆಲಸ ಆಗಿಯೇ ತೀರುವುದಾದರೆ ಅದೂ ಲೆಕ್ಕಕ್ಕೆ ಬರುತ್ತದೆ.

5. ಕಷ್ಟ ಇರುವುದು ಇಲ್ಲಿ: ಆವಿಷ್ಕಾರದ ಹೆಜ್ಜೆ. ಕಲಂ 2(1)(ಜೆಎ) ಪ್ರಕಾರ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಇರಬೇಕು, ಜತೆಗೆ ಆ ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಇಲ್ಲಿ ಪೇಟೆಂಟ್ ಕಚೇರಿಯ ಪರೀಕ್ಷಕರು ಎರಡು ಮೂರು ದಾಖಲೆ ಜೋಡಿಸಬಹುದು. ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವ ಪ್ರೋಬ್‌ಗಳಲ್ಲಿ ಒತ್ತಿದರೆ ತಿರುಗುವ ಪಿನ್ ಹಳೆಯ ವಿಷಯ. "ಅದು ಬೋರ್ಡಿಗೆ, ನಮ್ಮದು ಸ್ಪ್ರೇಯರಿಗೆ" ಎಂಬ ಉತ್ತರ ನಿಲ್ಲುವುದಿಲ್ಲ. ಎರಡರಲ್ಲೂ ಸಮಸ್ಯೆ ಒಂದೇ, ಲೋಹದ ಮೇಲಿನ ಪೊರೆ. ಪರಿಹಾರವೂ ಒಂದೇ, ಕೆರೆಯುವುದು. ಹೀಗಾಗಿ (ಈ)ಯ ಮೇಲೆ ಮಾತ್ರ ನಿಂತ ಹಕ್ಕು (ಕ್ಲೇಮ್, ಅಂದರೆ "ಇಷ್ಟು ನನ್ನದು" ಎಂದು ಅರ್ಜಿಯಲ್ಲಿ ಬರೆಯುವ ವಾಕ್ಯ) ಬಿದ್ದುಹೋಗುತ್ತದೆ. ಸ್ಪ್ರಿಂಗ್ ಬಲ 1 ನ್ಯೂಟನ್ ಬದಲು 1.5 ಮಾಡಿದೆ ಎಂಬುದೂ ಸಾಲದು, ಅನಿರೀಕ್ಷಿತ ಫಲ ತೋರಿಸದ ಹೊರತು. 1978ರಲ್ಲಿ ಬಿಶ್ವನಾಥ ಪ್ರಸಾದ್ ಪ್ರಕರಣದಲ್ಲಿ, ಪಾತ್ರೆ ತಯಾರಿಸುವ ಸಾಧನದ ಪೇಟೆಂಟ್ ಕುರಿತು ತೀರ್ಪು ಕೊಡುತ್ತಾ, ಬರಿಯ ವರ್ಕ್‌ಶಾಪ್ ಸುಧಾರಣೆಗೆ ಪೇಟೆಂಟ್ ಇಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಉಳಿದದ್ದು (ಊ). ರಬ್ಬರ್ ಬಳೆ ತನ್ನಷ್ಟಕ್ಕೆ ನೀರು ತಡೆಯುತ್ತದೆ, ಪಿನ್ ತನ್ನಷ್ಟಕ್ಕೆ ತಿರುಗುತ್ತದೆ ಎಂದಾದರೆ ಕಲಂ 3(ಎಫ್) ಅಡ್ಡ ಬರುತ್ತದೆ: ಗೊತ್ತಿರುವ ಸಾಧನಗಳು ತಂತಮ್ಮ ಕೆಲಸ ಮಾಡಿಕೊಂಡಿರುವಂತೆ ಜೋಡಿಸುವುದು ಆವಿಷ್ಕಾರವಲ್ಲ. ಆದರೆ ಒಂದೇ ಸ್ಪ್ರಿಂಗ್ ಮೊದಲು ಕೆರೆಸಿ, ತಿರುಗುವುದು ನಿಂತ ಮೇಲೆಯೇ ಬಳೆಯನ್ನು ಒತ್ತಿ, ಕೆರೆದ ಜಾಗಕ್ಕೆ ಮತ್ತೆ ಮದ್ದು ತಾಗದಂತೆ ಮುಚ್ಚುತ್ತದೆ ಎಂದಾದರೆ ಒಂದು ಅಂಶದ ಕೆಲಸ ಇನ್ನೊಂದನ್ನು ಅವಲಂಬಿಸಿದೆ. ವಾದಕ್ಕೆ ಜಾಗ ಇರುವುದು ಇಲ್ಲೇ. ಮುಖ್ಯ ಹಕ್ಕಿನಲ್ಲಿ ಈ ಕ್ರಮವನ್ನೇ ಬರೆಯಿರಿ, ಕ್ರಮ ಹುಟ್ಟಿಸುವ ಗ್ರೂವ್‌ನ ಆಕಾರವನ್ನೂ ಸೇರಿಸಿ. "ಸ್ಪ್ರಿಂಗ್ ಉಳ್ಳ ಕನೆಕ್ಟರ್" ಎಂದು ಅಗಲವಾಗಿ ಬರೆದು ಪರೀಕ್ಷಾ ವರದಿ ಬಂದ ಮೇಲೆ ಕಿರಿದು ಮಾಡೋಣ ಎಂದುಕೊಂಡರೆ, ಮೂಲ ವಿವರಣೆಯಲ್ಲಿ ಇಲ್ಲದ್ದನ್ನು ಆಗ ಸೇರಿಸಲು ಬಿಡುವುದಿಲ್ಲ.

6. ಅಳತೆ ಕೊಡಿ. ಬಳೆ ಇರುವ, ಇಲ್ಲದ ಎರಡು ಮಾದರಿಗಳನ್ನು ಒಂದೇ ಕರೆಂಟಿನಲ್ಲಿ, ಅಷ್ಟೇ ಸಲ ಚುಚ್ಚಿ ತೆಗೆದು, ಶೇಕಡಾ 1ರ ಬೋರ್ಡೋದಲ್ಲಿ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ನೆನೆಸಿ ತಡೆ ಅಳೆಯಿರಿ. ನಾಲ್ಕು ತಂತಿಯ ವಿಧಾನವೇ ಆಗಬೇಕು: ಕರೆಂಟ್ ಹರಿಸಲು ಎರಡು ತಂತಿ, ವೋಲ್ಟೇಜ್ ಅಳೆಯಲು ಬೇರೆ ಎರಡು. ಸಾಮಾನ್ಯ ಮಲ್ಟಿಮೀಟರಿನಲ್ಲಿ ಪ್ರೋಬ್ ತಂತಿಯ ತಡೆಯೂ ಸೇರಿ ಮಿಲಿಓಮ್ ಲೆಕ್ಕ ಕೆಡುತ್ತದೆ. ಈ ಕೋಷ್ಟಕ ವಿವರಣೆಯೊಳಗೇ ಇರಲಿ.

7. ಅರ್ಜಿ. ಕಾಸರಗೋಡಿಗೂ ದಕ್ಷಿಣ ಕನ್ನಡಕ್ಕೂ ಚೆನ್ನೈ ಪೇಟೆಂಟ್ ಕಚೇರಿ. ಆನ್‌ಲೈನಿನಲ್ಲಿ ಹಾಕುವ ವ್ಯಕ್ತಿಗೆ 1,600 ರೂಪಾಯಿ, ಅದರಲ್ಲಿ 30 ಪುಟ, 10 ಹಕ್ಕು. ತಾತ್ಕಾಲಿಕ ವಿವರಣೆ ಕೊಟ್ಟರೆ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ಆದರೆ ಬಳೆಯ ವಿಷಯ ಮೊದಲನೆಯದರಲ್ಲೇ ಇರಬೇಕು, ಇಲ್ಲದಿದ್ದರೆ ಅದಕ್ಕೆ ಹಿಂದಿನ ತಾರೀಕು ದಕ್ಕುವುದಿಲ್ಲ. ಕಚೇರಿ ಅರ್ಜಿಯನ್ನು ಪರೀಕ್ಷಿಸಬೇಕಾದರೆ ಫಾರಂ 18 ಬೇರೆಯೇ ಹಾಕಬೇಕು, 31 ತಿಂಗಳೊಳಗೆ, 4,000 ರೂಪಾಯಿ. ಅದನ್ನು ಮರೆತರೆ ಅರ್ಜಿ ಹಿಂತೆಗೆದುಕೊಂಡಂತೆ.