ಕೆರೆಯ ಹಕ್ಕಿ ಕಡಿಮೆಯಾಯಿತೋ, ಪಕ್ಕದ ಕೆರೆಗೆ ಹೋಯಿತೋ? ಎಣಿಕೆಯ ಮತ್ತು ಗೂಡಿನ ಲೆಕ್ಕ

ಹೋದ ಜನವರಿಯಲ್ಲಿ ಅಯ್ಯನಕೆರೆಯಲ್ಲಿ 240 ವರಟೆ ಬಾತು ಇದ್ದವು, ಈ ಜನವರಿಯಲ್ಲಿ 180 ಎಂದಿಟ್ಟುಕೊಳ್ಳಿ. ಅರವತ್ತು ಸತ್ತವು ಎನ್ನುವಂತಿಲ್ಲ. ಬೇರೆ ಕೆರೆಗೆ ಹೋಗಿರಬಹುದು, ಜೊಂಡಿನ ಹಿಂದೆ ಕೂತು ಕಣ್ಣಿಗೆ ಬೀಳದೆ ಇರಬಹುದು. ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಮೂಡಿಗೆರೆ, ಸಕಲೇಶಪುರದಲ್ಲಿ ಮಳೆ ಬಿಡದೆ ಸುರಿಯುವಾಗಲೂ ಕಡೂರು, ಅರಸೀಕೆರೆ ಕಡೆಯ ಕೆರೆಗಳು ಬಿರುಕು ಬಿಟ್ಟಿರುವುದುಂಟು. ಹೇಮಾವತಿ ನಾಲೆಗೆ ನೀರು ಬಿಟ್ಟ ವಾರ ಬೆಳ್ಳಕ್ಕಿ, ಕೆಂಬರಲುಗಳೆಲ್ಲ ಕೆರೆ ಬಿಟ್ಟು ಗದ್ದೆಗೆ ಇಳಿಯುತ್ತವೆ. ಹಾಗಾಗಿ ಒಂದೇ ಕೆರೆಯ ಎಣಿಕೆಯಿಂದ ಏರಿಕೆ ಇಳಿಕೆ ಹೇಳಲು ಹೋಗಬೇಡಿ.

ಆರರಿಂದ ಎಂಟು ಕೆರೆ ಆರಿಸಿ, ಎಲ್ಲವನ್ನೂ ಒಂದೇ ಬೆಳಗ್ಗೆ, ಆಗದಿದ್ದರೆ ಸತತ ಎರಡು ಬೆಳಗ್ಗೆ ಮುಗಿಸಿ. ಆರಿಸುವಾಗ ಒಂದು ಎಚ್ಚರ: ಈ ವರ್ಷ ಹಕ್ಕಿ ಕಿಕ್ಕಿರಿದಿರುವ ಕೆರೆಗಳನ್ನೇ ಹಿಡಿದರೆ ಮುಂದಿನ ವರ್ಷ ಸಂಖ್ಯೆ ಇಳಿದಂತೆ ಕಾಣುವುದು ಬಹುತೇಕ ಖಚಿತ. ಹಕ್ಕಿಗೆ ಏನೂ ಆಗಿರುವುದಿಲ್ಲ, ಆಯ್ಕೆಯೇ ವಾಲಿರುತ್ತದೆ. ಹಕ್ಕಿ ಕಡಿಮೆ ಇರುವ, ಬೇಸಿಗೆಯಲ್ಲಿ ಒಣಗುವ ಕೆರೆಗಳೂ ಪಟ್ಟಿಯಲ್ಲಿರಲಿ. ಒಣಗಿದ ಕೆರೆಗೂ ಹೋಗಿ 0 ಎಂದು ಬರೆಯಿರಿ. ಹೋಗದಿದ್ದರೆ ಆ ಜಾಗ ಖಾಲಿ ಬಿಡಿ. ಇವೆರಡನ್ನೂ ಕಲಸಿದ ಪಟ್ಟಿಯನ್ನು ಮುಂದೆ ಯಾರೂ ಸರಿಪಡಿಸಲಾರರು.

1987ರಿಂದ ನಡೆಯುತ್ತಿರುವ ಏಷ್ಯಾ ಜಲಪಕ್ಷಿ ಗಣತಿ ಜನವರಿಯಲ್ಲಿದೆ. ನಿಮ್ಮ ಒಂದು ಸುತ್ತು ಅದರ ಜೊತೆಗೇ ಇರಲಿ. ವಲಸೆ ಬರುವ ಸೂಜಿಬಾಲದ ಬಾತಿನಂಥವು ಬೇಸಿಗೆಗೆ ಹೊರಟುಹೋಗುವುದರಿಂದ, ಊರಿನ ಹಕ್ಕಿಗಳಿಗಾಗಿ ಮೇ ತಿಂಗಳಲ್ಲಿ ಇನ್ನೊಂದು ಸುತ್ತು ಬೇಕು.

ಎಣಿಕೆಗೆ ಎಂಟು ಪಟ್ಟು ಹಿಗ್ಗಿಸುವ 8x42 ಬೈನಾಕ್ಯುಲರ್ ಸಾಕು. ಹಿನ್ನೀರಿನಂಥ ದೊಡ್ಡ ಹರವಿಗೆ 20ರಿಂದ 60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಮತ್ತು ಅಲ್ಲಾಡದ ಟ್ರೈಪಾಡ್ ಬೇಕು. ಬೆಳಗ್ಗೆ ಸೂರ್ಯ ಬೆನ್ನಿಗಿರುವಂತೆ ಕೆರೆಯ ಪೂರ್ವದ ಕಡೆ ನಿಲ್ಲಿ. ಎದುರು ಬಿಸಿಲಿನಲ್ಲಿ ನಾಮದಕೋಳಿಯೂ ಬಾತೂ ಒಂದೇ ಕಪ್ಪು ಚುಕ್ಕೆ. ಮೊದಲು ಇಡೀ ಕೆರೆಯನ್ನು ಒಮ್ಮೆ ನೋಡಿ, ಬೆದರುವ ಬಾತುಗಳನ್ನು ಮುಗಿಸಿ, ನಂತರ ಅಂಚಿನ ಹಕ್ಕಿಗಳಿಗೆ ಬನ್ನಿ. ದೊಡ್ಡ ಗುಂಪಿನಲ್ಲಿ ಇಪ್ಪತ್ತನ್ನು ಒಂದೊಂದಾಗಿ ಎಣಿಸಿ, ಅಷ್ಟು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ಗುರುತಿಟ್ಟುಕೊಂಡು ಆ ಅಳತೆಯನ್ನು ಗುಂಪಿನುದ್ದಕ್ಕೂ ಸರಿಸಿ. ಗುಂಪು ದೊಡ್ಡದಾದಷ್ಟೂ ಕಣ್ಣು ಕಡಿಮೆ ಹೇಳುತ್ತದೆ, ಆದ್ದರಿಂದ ಮೂರು ಸಲ ಎಣಿಸಿ ಮಧ್ಯದ ಸಂಖ್ಯೆ ತೆಗೆದುಕೊಳ್ಳಿ. ಬಣ್ಣದ ಕೊಕ್ಕರೆ ಸಿಕ್ಕರೆ ಮಾಸಲು ಕಂದಿನ ಮರಿಗಳನ್ನು ಬೇರೆ, ಬಾಲದ ಹತ್ತಿರ ಗುಲಾಬಿ ಗರಿ ಇರುವ ದೊಡ್ಡವನ್ನು ಬೇರೆ ಬರೆಯಿರಿ. ಆ ಸಲದ ಸಂತಾನ ಎಷ್ಟು ಉಳಿಯಿತೆಂಬ ಸುಳಿವು ಇದರಲ್ಲೇ ಇದೆ. ಬೆಳ್ಳಕ್ಕಿಯಲ್ಲಿ ಹೀಗೆ ದೂರದಿಂದ ವಯಸ್ಸು ಹೇಳಲಾಗದು.

ಪ್ರತಿ ಸಲವೂ ತೂಬಿನ ಕಲ್ಲುಕಂಬದಲ್ಲಿ ನೀರು ಎಲ್ಲಿಗಿದೆ ಎಂದು ಬರೆದು, ಏರಿಯ ಒಂದೇ ಜಾಗದಿಂದ ಫೋಟೊ ತೆಗೆಯಿರಿ. ಅಂತರಗಂಗೆ ಎಷ್ಟು ಮುಚ್ಚಿದೆ, ಬಲೆ ಬೀಸುವವರಿದ್ದರೇ, ನಾಯಿ ಇತ್ತೇ ಎಂಬುದೂ ಬೇಕು. ನೀರಿನ ಮಟ್ಟವಿಲ್ಲದ ಹತ್ತು ವರ್ಷದ ಎಣಿಕೆಗಿಂತ ಮಟ್ಟವಿರುವ ನಾಲ್ಕು ವರ್ಷದ್ದು ಮೇಲು.

ಉಳಿವಿನ ಲೆಕ್ಕ ಗೂಡಿನಿಂದ

ಹಕ್ಕಿಯನ್ನು ಮುಟ್ಟದೆ ಉಳಿವನ್ನು ಅಳೆಯಲು ಸುಲಭದ ದಾರಿ ಟಿಟ್ಟಿಭದ ಗೂಡು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ, ಹರಳುಕಲ್ಲಿನ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಕಾವು ಸುಮಾರು 28 ದಿನ. ಗೂಡಿನ ಜಾಗವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಗುರುತಿಸಿ. ಕೋಲು ನೆಡಬೇಡಿ, ಬಟ್ಟೆ ಕಟ್ಟಬೇಡಿ. ಕಾಗೆ ಅದನ್ನು ಬೇಗ ಕಲಿಯುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಮೂವತ್ತು ಮೀಟರ್ ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ. ತಾಯಿ ಕೂತಿದ್ದರೆ ಗೂಡು ಜೀವಂತ, ಹತ್ತಿರ ಹೋಗುವ ಅಗತ್ಯವಿಲ್ಲ. ಹಕ್ಕಿ ಇಲ್ಲದಿದ್ದರೆ ಮಾತ್ರ ಹೋಗಿ, ನಿಲ್ಲದೆ ನೋಡಿ ಮುಂದೆ ನಡೆಯಿರಿ, ಬೇರೆ ದಾರಿಯಲ್ಲಿ ಹಿಂತಿರುಗಿ. ಬಂದ ಹೆಜ್ಜೆಯ ವಾಸನೆ ಹಿಡಿದು ನಾಯಿ ಬರುತ್ತದೆ.

ಖಾಲಿ ಗೂಡನ್ನು ಓದುವುದು ಹೀಗೆ: ಗುಳಿಯ ತಳದಲ್ಲಿ ಅಕ್ಕಿನುಚ್ಚಿನಷ್ಟು ಚಿಕ್ಕ ಚಿಪ್ಪಿನ ಚೂರಿದ್ದು ಅವಧಿಯೂ ಕೂಡಿಬಂದಿದ್ದರೆ ಮರಿಯಾಗಿವೆ. ಲೋಳೆ ಮೆತ್ತಿದ ದೊಡ್ಡ ಚಿಪ್ಪಿದ್ದರೆ ಯಾರೋ ತಿಂದಿದ್ದಾರೆ. ದನದ ಗೊರಸು, ಟ್ರ್ಯಾಕ್ಟರ್ ಗಾಲಿ, ಹೂಳೆತ್ತುವ ಜೆಸಿಬಿ, ಮುಂಗಾರಿನ ಮೊದಲ ನೀರು ಇವುಗಳ ಗುರುತು ಅಲ್ಲೇ ಇರುತ್ತದೆ. ಕಾರಣವನ್ನು ಆ ದಿನವೇ ಬರೆಯಿರಿ.

ಈಗ ಲೆಕ್ಕ. 15 ಗೂಡಿನಲ್ಲಿ 5 ಹಾಳಾದವು ಎಂದುಕೊಳ್ಳಿ. ಮೂರನೇ ಎರಡು ಪಾಲು ಗೆದ್ದಿತು ಎಂದು ಬರೆದರೆ ತಪ್ಪು. ನೀವು ಕಾಣುವ ಮೊದಲೇ ಹಾಳಾದ ಗೂಡುಗಳು ಪಟ್ಟಿಗೇ ಬಂದಿಲ್ಲ. 1961ರಲ್ಲಿ ಅಮೆರಿಕದ ಪಕ್ಷಿತಜ್ಞ ಮೇಫೀಲ್ಡ್ ತೋರಿಸಿದ ದಾರಿ ಹಿಡಿಯಿರಿ: ಪ್ರತಿ ಗೂಡು ನಿಮ್ಮ ಕಣ್ಣಿನಡಿ ಎಷ್ಟು ದಿನ ಇತ್ತೆಂದು ಕೂಡಿಸಿ. ಹಾಳಾದ ಗೂಡಿಗೆ, ಕೊನೆಯ ಎರಡು ಭೇಟಿಗಳ ನಡುವಿನ ದಿನಗಳಲ್ಲಿ ಅರ್ಧ ಹಿಡಿಯಿರಿ. ಒಟ್ಟು 200 ಗೂಡುದಿನವಾದರೆ, ದಿನದ ನಷ್ಟ 5/200, ಅಂದರೆ 0.025. ದಿನದ ಉಳಿವು 0.975. ಕಾವಿನ 28 ದಿನಕ್ಕೆ ಇದನ್ನು ಇದರಿಂದಲೇ ಗುಣಿಸುತ್ತ ಹೋದರೆ (0.975ರ 28ನೇ ಘಾತ) ಸುಮಾರು 0.49. ಅರ್ಧಕ್ಕರ್ಧ ಗೂಡು ಮರಿಯವರೆಗೆ ತಲುಪುವುದಿಲ್ಲ. ಮರಿಗಳು ಬೇಗನೆ ಗೂಡು ಬಿಟ್ಟು ಓಡುವುದರಿಂದ ಮುಂದಿನ ಕತೆ ಈ ಸಂಖ್ಯೆಯಲ್ಲಿಲ್ಲ.

ಮರದ ಮೇಲಿನ ನೀರುಕಾಗೆ, ಬೆಳ್ಳಕ್ಕಿ ಗೂಡುಗಳಿಗೆ ಇಬ್ಬರು ಪರಸ್ಪರ ಮಾತಾಡದೆ ಒಂದೇ ಫೋಟೊದ ಎರಡು ಪ್ರತಿಗಳ ಮೇಲೆ ಗುರುತು ಹಾಕಿ. ಒಬ್ಬರಿಗೆ 40, ಇನ್ನೊಬ್ಬರಿಗೆ 36, ಇಬ್ಬರಿಗೂ ಸಿಕ್ಕವು 32 ಆದರೆ, ಇಬ್ಬರ ಕಣ್ಣಿಗೂ ಬೀಳದವು ಸೇರಿ 40x36/32, ಸುಮಾರು 45 ಗೂಡು.

ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಗೂಡು ಮಾಡುವ ನದಿ ರೀವಗಳ (ರಿವರ್ ಟರ್ನ್) ಮಾತು ಬೇರೆ. ಅದು ಹುಲಿ ಮೀಸಲು. ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಇದ್ದರೂ ನಡುಗಡ್ಡೆಗೆ ಕಾಲಿಡಬೇಡಿ. ಬಿಸಿಲಿನಲ್ಲಿ ತಾಯಿ ಎದ್ದರೆ ಮೊಟ್ಟೆ ಬೇಯುತ್ತದೆ, ಕಾಗೆಯೂ ಕಾದಿರುತ್ತದೆ. ದೋಣಿ ದೂರ ನಿಲ್ಲಿಸಿ ಕೂತಿರುವ ಹಕ್ಕಿಗಳನ್ನಷ್ಟೇ ಎಣಿಸಿ, ಜೊತೆಗೆ ಅಂದಿನ ಜಲಾಶಯದ ಮಟ್ಟ ಬರೆದಿಡಿ. ಮಟ್ಟ ಏರಿದರೆ ತಗ್ಗಿನ ಗೂಡು ಮುಳುಗುತ್ತದೆ; ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನರಿ, ನಾಯಿಗೆ ದಾರಿಯಾಗುತ್ತದೆ.

ಬೆಳೆದ ಹಕ್ಕಿಗಳ ವರ್ಷದ ಉಳಿವಿಗೆ ಕಾಲುಂಗುರವೇ, ಅಂದರೆ ಹಕ್ಕಿಯನ್ನು ಹಿಡಿದು ಕಾಲಿಗೆ ತೊಡಿಸುವ ಗುರುತಿನ ಉಂಗುರವೇ, ಬೇಕು. 1972ರ ವನ್ಯಜೀವಿ ಕಾಯ್ದೆಯಡಿ ಹಿಡಿಯಲು ಪರವಾನಗಿ ಬೇಕಾದ್ದರಿಂದ ಅದು ತರಬೇತಾದವರ ಕೆಲಸ. ನಿಮ್ಮ ಪಾಲು ಓದುವುದು: ಉಂಗುರದ ಬಣ್ಣ, ಅಕ್ಷರ, ಎಡಗಾಲೋ ಬಲಗಾಲೋ, ಕಾಲಿನ ಗಂಟಿನ ಮೇಲೋ ಕೆಳಗೋ. ಹಕ್ಕಿಯ ಎಡ, ನಿಮ್ಮ ಎಡವಲ್ಲ. ಫೋಟೊ ಸಮೇತ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಒಂದು ಅಕ್ಷರ ಅನುಮಾನವಿದ್ದರೆ ಊಹಿಸದೆ ಆ ಜಾಗದಲ್ಲಿ ಪ್ರಶ್ನೆಚಿಹ್ನೆ ಹಾಕಿ.